ಹೊರಗೆ ಚಿನ್ನ, ಒಳಗೆ ತಾಮ್ರ: 561 ಪರಮಾಣುಗಳ ಒಂದು ಕಣ ಕರಗಿದ ಪ್ರಕರಣ

ರಾಯಚೂರಿನ ಎಂಎಸ್‌ಸಿ ಭೌತಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳ ಪ್ರಾಜೆಕ್ಟ್ ಇದು. ಪ್ರಶ್ನೆ ಚಿಕ್ಕದು. ತಾಮ್ರದ ತಿರುಳು, ಅದರ ಮೇಲೆ ಒಂದೇ ಪದರ ಚಿನ್ನ. ಇಂಥ ನ್ಯಾನೊಕಣವನ್ನು ಕಂಪ್ಯೂಟರಿನೊಳಗೆ ಕಾಯಿಸುತ್ತಾ ಹೋದರೆ ಅದು ಯಾವಾಗ ಕರಗುತ್ತದೆ, ಹೇಗೆ ಕರಗುತ್ತದೆ?

ಮೊದಲ ಸುತ್ತಿನಲ್ಲೇ ಚೆಂದದ ಉತ್ತರ ಬಂತು. ಕಣ ಎರಡು ಹಂತದಲ್ಲಿ ಕರಗುತ್ತದೆ: ಮೊದಲು ಹೊರಗಿನ ಚಿನ್ನ, ಆಮೇಲೆ ಒಳಗಿನ ತಾಮ್ರ. ಆದರೆ ಆ ಉತ್ತರದಲ್ಲಿ ಕಣದ ಪಾಲು ಎಷ್ಟು, ಪರಮಾಣುಗಳ ನಡುವಿನ ಬಲಕ್ಕೆಂದು ಕಂಪ್ಯೂಟರಿಗೆ ಕೊಟ್ಟ ಸೂತ್ರದ ಪಾಲು ಎಷ್ಟು ಎಂದು ಬಿಡಿಸುವುದರಲ್ಲೇ ಪ್ರಾಜೆಕ್ಟಿನ ಬಹುಪಾಲು ಸಮಯ ಹೋಯಿತು. ನಾನು ಅವಳಿಗೆ ಹೊರಗಿನಿಂದ ಸಹಾಯ ಮಾಡುತ್ತಿದ್ದ ಮೇಷ್ಟ್ರು. ಇಂಥ ಪ್ರಾಜೆಕ್ಟ್ ಕೈಗೆತ್ತಿಕೊಳ್ಳುವ ಬೇರೆ ಹುಡುಗರಿಗೂ ಉಪಯೋಗವಾಗಬಹುದು ಅಂತ, ಹೆಸರು ಬಿಟ್ಟು ಬರೆಯುತ್ತಿದ್ದೇನೆ.

ಚಿನ್ನ-ತಾಮ್ರವನ್ನೇ ಆರಿಸಿದ್ದಕ್ಕೆ ಅವಳದೇ ಕಾರಣ ಇತ್ತು. ಊರು ಲಿಂಗಸುಗೂರು ತಾಲ್ಲೂಕಿನಲ್ಲಿ, ಹಟ್ಟಿ ಚಿನ್ನದ ಗಣಿಯ ಕಡೆ. ಅಪ್ಪ ಪತ್ತಾರರು. ಚಿನ್ನಕ್ಕೆ ತಾಮ್ರ ಬೆರೆಸಿ ಮೂಸೆಯಲ್ಲಿ ಕರಗಿಸುವುದನ್ನು ನೋಡುತ್ತಲೇ ಬೆಳೆದ ಹುಡುಗಿ. ವಿಜ್ಞಾನದ ಕಾರಣವೂ ಉಂಟು. ಚಿನ್ನ-ತಾಮ್ರದ ಸಣ್ಣ ಕಣಗಳನ್ನು ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಡುವ ವೇಗವರ್ಧಕಗಳಾಗಿ ಬಳಸುತ್ತಾರೆ. ಕೆಲಸ ನಡೆಯುವುದು ಕಣದ ಮೇಲ್ಮೈಯಲ್ಲಿ. ಹಾಗಾಗಿ ಬಿಸಿಯಾದಾಗ ಹೊರಪದರ ಇದ್ದ ಹಾಗೇ ಇರುತ್ತದಾ, ಅಥವಾ ಒಳಗಿನ ಲೋಹದ ಜೊತೆ ಬೆರೆತು ಹೋಗುತ್ತದಾ ಅನ್ನೋದು ಸುಮ್ನೆ ಕುತೂಹಲದ ಪ್ರಶ್ನೆಯಲ್ಲ.

ಸಣ್ಣ ಕಣ ಬೇಗ ಕರಗುತ್ತದೆ ಎನ್ನುವುದು ಹಳೆಯ ಸುದ್ದಿ. 1909ರಲ್ಲಿ ಪಾವ್ಲೋವ್ ಇದನ್ನು ಸಿದ್ಧಾಂತದಿಂದ ಹೇಳಿದ್ದರು. 1954ರಲ್ಲಿ ಜಪಾನಿನ ತಕಾಗಿ ತೆಳು ಲೋಹದ ಪದರಗಳಲ್ಲಿ ಎಲೆಕ್ಟ್ರಾನ್ ಕಿರಣ ಹಾಯಿಸಿ ತೋರಿಸಿದರು. 1976ರಲ್ಲಿ ಬುಫಾ ಮತ್ತು ಬೊರೆಲ್ ಚಿನ್ನದ ಕಣಗಳನ್ನೇ ಅಳೆದರು. 2 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು) ಸಮೀಪದ ಕಣಗಳಲ್ಲಿ ಕರಗುವ ಬಿಂದು ನೂರಾರು ಡಿಗ್ರಿ ಕೆಳಗಿಳಿದಿತ್ತು. ಕಾರಣ ಮೇಲ್ಮೈ. ಒಳಗಿನ ಪರಮಾಣುವಿಗೆ ಸುತ್ತ ಹನ್ನೆರಡು ನೆರೆಯವರು. ಅಂಚಿನ ಪರಮಾಣುವಿಗೆ ಅಷ್ಟು ಜನ ಇಲ್ಲ. ಜಾತ್ರೆಯ ಗುಂಪಿನ ನಡುವೆ ಸಿಕ್ಕಿಕೊಂಡವನಿಗಿಂತ ಅಂಚಿನಲ್ಲಿ ನಿಂತವನು ಸಲೀಸಾಗಿ ಓಡಾಡುತ್ತಾನಲ್ಲ, ಹಾಗೆ. ದೊಡ್ಡ ಗಟ್ಟಿಯಲ್ಲಿ ಅಂಚಿನವರ ಪಾಲು ಲೆಕ್ಕಕ್ಕೇ ಬರುವುದಿಲ್ಲ. ಇವಳ ಕಣದಲ್ಲಿ 561 ಪರಮಾಣುಗಳು, ಅದರಲ್ಲಿ 252 ಮೇಲ್ಮೈಯಲ್ಲೇ ಇದ್ದವು.

ಆ 561 ಎಲ್ಲಿಂದ ಬಂತು? ಕಣದ ಆಕಾರ ಇಪ್ಪತ್ತು ಮುಖಗಳ ಐಕೊಸಾಹೆಡ್ರನ್. ನಡುವೆ ಒಂದು ಪರಮಾಣು, ಅದರ ಸುತ್ತ 12, ಆಮೇಲೆ 42, 92, 162, 252 ಎಂದು ಪದರದ ಮೇಲೆ ಪದರ. ಎಲ್ಲ ಕೂಡಿಸಿದರೆ 561. ಕೊನೆಯ 252 ಚಿನ್ನ, ಒಳಗಿನ 309 ತಾಮ್ರ. ಅಡ್ಡಳತೆ ಮೂರು ನ್ಯಾನೊಮೀಟರಿಗೂ ತುಸು ಕಡಿಮೆ. ತೂಕದ ಲೆಕ್ಕ ಹಾಕಿದರೆ ಇದರಲ್ಲಿ ಚಿನ್ನ ಶೇ 72ರ ಹತ್ತಿರ. ಅಂದರೆ ಅವಳ ಅಪ್ಪನ ಲೆಕ್ಕದಲ್ಲಿ 17 ಕ್ಯಾರಟ್ಟಿನ ಬಂಗಾರ! ಈ ಲೆಕ್ಕ ಹಾಕಿದ್ದು ಅವಳೇ. ವರದಿಯಲ್ಲಿ ಸೇರಿಸು ಅಂದೆ, ಸೇರಿಸಲಿಲ್ಲ.

ವಿಧಾನದ ಬಗ್ಗೆ ಎರಡು ಮಾತು. ಪ್ರತಿ ಪರಮಾಣುವಿನ ಮೇಲೆ ಉಳಿದವು ಹಾಕುವ ಬಲ ಲೆಕ್ಕ ಹಾಕುವುದು, ನ್ಯೂಟನ್ನನ ನಿಯಮದಂತೆ ಅದನ್ನು ಒಂದಿಷ್ಟು ಸರಿಸುವುದು, ಮತ್ತೆ ಬಲ, ಮತ್ತೆ ಸರಿಸುವುದು. ಒಂದು ಹೆಜ್ಜೆಗೆ 2 ಫೆಮ್ಟೊಸೆಕೆಂಡ್. ನ್ಯಾನೊಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲು, ಫೆಮ್ಟೊಸೆಕೆಂಡ್ ಅದರಲ್ಲೂ ಹತ್ತು ಲಕ್ಷದ ಒಂದು ಪಾಲು. ಒಂದು ನ್ಯಾನೊಸೆಕೆಂಡ್ ಕಳೆಯಬೇಕಾದರೆ 5 ಲಕ್ಷ ಹೆಜ್ಜೆ. ಇದಕ್ಕೆ ಮಾಲಿಕ್ಯುಲಾರ್ ಡೈನಮಿಕ್ಸ್ ಎನ್ನುತ್ತಾರೆ. ನಿಜವಾದ ದ್ರವವೊಂದನ್ನು ಹೀಗೆ ಮೊದಲು ಲೆಕ್ಕ ಹಾಕಿ ತೋರಿಸಿದವರು ಅನೀಸುರ್ ರೆಹಮಾನ್. 1964ರಲ್ಲಿ, 864 ಆರ್ಗಾನ್ ಪರಮಾಣುಗಳನ್ನು ಇಟ್ಟುಕೊಂಡು, ಅಮೆರಿಕದ ಆರ್ಗಾನ್ (Argonne) ರಾಷ್ಟ್ರೀಯ ಪ್ರಯೋಗಾಲಯದಲ್ಲಿ. ಅವರು ಹುಟ್ಟಿದ್ದು 1927ರಲ್ಲಿ ಹೈದರಾಬಾದಿನಲ್ಲಿ. ಆಗ ನಮ್ಮ ರಾಯಚೂರೂ ಅದೇ ನಿಜಾಮರ ಸಂಸ್ಥಾನದಲ್ಲಿತ್ತು. ನಮ್ಮ ಕಡೆಯ ಎಷ್ಟು ಹುಡುಗರಿಗೆ ಈ ಹೆಸರು ಗೊತ್ತಿದೆಯೋ! ಅವರು ಆಗಿನ ದೊಡ್ಡ ಯಂತ್ರದಲ್ಲಿ ಮಾಡಿದ್ದಕ್ಕಿಂತ ದೊಡ್ಡ ಲೆಕ್ಕವನ್ನು ಈಗ ಹಾಸ್ಟೆಲ್ ರೂಮಿನ ಲ್ಯಾಪ್‌ಟಾಪ್ ಒಂದು ರಾತ್ರಿಯಲ್ಲಿ ಮುಗಿಸುತ್ತದೆ.

ಮುಗಿಸುತ್ತದೆ, ಕರೆಂಟ್ ಇದ್ದರೆ. ಶಕ್ತಿನಗರದಲ್ಲಿ ಅಷ್ಟು ದೊಡ್ಡ ವಿದ್ಯುತ್ ಸ್ಥಾವರ ಇದ್ದರೂ ಬೇಸಿಗೆ ರಾತ್ರಿಗಳಲ್ಲಿ ಕರೆಂಟ್ ಕಣ್ಣಾಮುಚ್ಚಾಲೆ ಆಡುವುದು ತಪ್ಪಿಲ್ಲ. ಈ ಲೆಕ್ಕ ಹಾಕುವ ಲ್ಯಾಂಪ್ಸ್ (LAMMPS) ಎನ್ನುವ ಉಚಿತ ತಂತ್ರಾಂಶದಲ್ಲಿ ಆಗಾಗ ಸ್ಥಿತಿಯನ್ನು ಉಳಿಸಿಟ್ಟು, ನಿಂತಲ್ಲಿಂದ ಮತ್ತೆ ಶುರು ಮಾಡುವ ಸೌಲಭ್ಯ ಇದೆ. ಅದನ್ನು ಮೊದಲ ದಿನವೇ ಕಲಿತುಕೊಳ್ಳಿ. ಇನ್ನೊಂದು, ಏಪ್ರಿಲ್‌ನಲ್ಲಿ ರಾಯಚೂರಿನ ರೂಮಿನೊಳಗೆ ಲ್ಯಾಪ್‌ಟಾಪ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಲೆಕ್ಕ ತಪ್ಪುವುದಿಲ್ಲ, ಬೆಳಗಾಗುವುದರೊಳಗೆ ಮುಗಿಯುವುದಿಲ್ಲ ಅಷ್ಟೆ.

ಮೊದಲ ಗ್ರಾಫ್

ಮೊದಲು ಅವಳು ಕಣವನ್ನು ಪ್ರತಿ ಪಿಕೊಸೆಕೆಂಡಿಗೆ 1 ಕೆಲ್ವಿನ್‌ನಂತೆ ಕಾಯಿಸಿದಳು. ಪಿಕೊಸೆಕೆಂಡ್ ಅಂದರೆ ನ್ಯಾನೊಸೆಕೆಂಡಿನ ಸಾವಿರದ ಒಂದು ಪಾಲು. ಕೆಲ್ವಿನ್ ಅಳತೆಯ ಒಂದು ಡಿಗ್ರಿ ಸೆಲ್ಸಿಯಸ್ಸಿನ ಒಂದು ಡಿಗ್ರಿಯಷ್ಟೇ, ಎಣಿಕೆ ಮಾತ್ರ 273 ಡಿಗ್ರಿ ಕೆಳಗಿನಿಂದ ಶುರು. ಗ್ರಾಫಿನಲ್ಲಿ ಅಡ್ಡಕ್ಕೆ ಉಷ್ಣತೆ, ಉದ್ದಕ್ಕೆ ಕಣದ ಶಕ್ತಿ. ಘನವಾಗಿ ಇರುವಷ್ಟು ಹೊತ್ತು ಗೆರೆ ನೇರ. ಮಧ್ಯೆ ಒಂದು ಕಡೆ ಮೆಲ್ಲಗೆ ಬಾಗಿತು. ಅಲ್ಲಿಂದ 200 ಕೆಲ್ವಿನ್‌ಗಿಂತ ಜಾಸ್ತಿ ಮೇಲೆ ಹೋದಾಗ ಒಮ್ಮೆಲೇ ನೆಗೆಯಿತು.

"ಸರ, ಎರಡು ಸಲ ಕರಗೈತ್ರಿ ಇದು. ಮೊದಲ ಬಂಗಾರ, ಆಮ್ಯಾಲೆ ತಾಮ್ರ."

"ಬಂಗಾರನ ಕರಗೈತಿ ಅಂತ ಹ್ಯಾಂಗ ಗೊತ್ತಾತವ್ವಾ? ಗೆರಿ ಬಾಗಿದ್ದಷ್ಟ ಕಾಣತೈತಿ ಇಲ್ಲಿ."

ಅದಕ್ಕೂ ಅವಳು ತಯಾರಾಗಿದ್ದಳು. ಲಿಂಡೆಮನ್ ಸೂಚ್ಯಂಕವನ್ನು ಪದರ ಪದರಕ್ಕೆ ಬೇರೆ ಬೇರೆಯಾಗಿ ಲೆಕ್ಕ ಹಾಕಿದ್ದಳು. 1910ರಲ್ಲಿ ಲಿಂಡೆಮನ್ ಹೇಳಿದ್ದ ಮಾತು ಇದರ ಮೂಲ: ಪರಮಾಣುಗಳ ನಡುಗಾಟ ಅವುಗಳ ನಡುವಿನ ಅಂತರದ ಒಂದು ಪಾಲನ್ನು ಮೀರಿದರೆ ಘನ ಉಳಿಯುವುದಿಲ್ಲ. ಸಣ್ಣ ಕಣಗಳಿಗೆ ಇದನ್ನು ಜೋಡಿ ಜೋಡಿ ಪರಮಾಣುಗಳ ಅಂತರದ ಏರಿಳಿತವಾಗಿ ಬದಲಿಸಿಕೊಂಡಿದ್ದಾರೆ. ಸುಮಾರು 0.1 ದಾಟಿದರೆ ಕರಗಿದ ಲಕ್ಷಣ. ಮೊದಲ ಬಾಗು ಬಂದ ಜಾಗದಲ್ಲಿ ಚಿನ್ನದ ಪದರ ಅದನ್ನು ದಾಟಿತ್ತು, ತಾಮ್ರ ತಣ್ಣಗೆ ಕೂತಿತ್ತು.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಮೇಲ್ಮೈಯ ಎರಡು ಪರಮಾಣುಗಳು ಸುಮ್ನೆ ಜಾಗ ಅದಲು ಬದಲು ಮಾಡಿಕೊಂಡರೂ ಈ ಸೂಚ್ಯಂಕ ಏರುತ್ತದೆ. ಪದರ ಅಚ್ಚುಕಟ್ಟಾಗಿಯೇ ಇರುತ್ತದೆ, ಸೂಚ್ಯಂಕ ಮಾತ್ರ ಕರಗಿದೆ ಎನ್ನುತ್ತದೆ. ಅದಕ್ಕೇ ಚಿತ್ರ ನೋಡಬೇಕು, ಪ್ರತಿ ಪರಮಾಣುವಿನ ನೆರೆಯ ಜೋಡಣೆಯನ್ನೂ ಪರೀಕ್ಷಿಸಬೇಕು. ಇವಳ ಕಣದಲ್ಲಿ ಎರಡೂ ಒಂದೇ ಮಾತು ಹೇಳಿದವು. ಚಿನ್ನದ ಪದರದ ಜೋಡಣೆ ನಿಜವಾಗಿಯೂ ಕೆಟ್ಟಿತ್ತು.

ಮುಂದಿನ ತಕರಾರು ವೇಗದ್ದು. ಪಿಕೊಸೆಕೆಂಡಿಗೆ 1 ಕೆಲ್ವಿನ್ ಅಂದರೆ ಸೆಕೆಂಡಿಗೆ 1 ಲಕ್ಷ ಕೋಟಿ ಕೆಲ್ವಿನ್. ಯಾವ ಒಲೆಯೂ ಹಾಗೆ ಕಾಯಿಸುವುದಿಲ್ಲ. ಇಷ್ಟು ಅವಸರ ಮಾಡಿದರೆ ಕರಗಬೇಕಾದ ಘನ ಕರಗಲು ಪುರುಸೊತ್ತಿಲ್ಲದೆ ಇನ್ನೂ ಮೇಲಕ್ಕೆ ಹೋಗುತ್ತದೆ. ಹಾಗಾಗಿ 20 ಕೆಲ್ವಿನ್‌ಗೊಂದು ಮೆಟ್ಟಿಲು, ಪ್ರತಿ ಮೆಟ್ಟಿಲಲ್ಲಿ 1 ನ್ಯಾನೊಸೆಕೆಂಡ್ ನಿಲ್ಲುವಂತೆ ಬದಲಿಸಿದಳು. ಇದು ಐವತ್ತು ಪಟ್ಟು ನಿಧಾನ. ಆದರೂ ಸೆಕೆಂಡಿಗೆ 2,000 ಕೋಟಿ ಕೆಲ್ವಿನ್! ಪ್ರಯೋಗಾಲಯದ ವೇಗಕ್ಕೆ ಇಳಿಯುವ ಆಸೆಯನ್ನು ಈ ವಿಧಾನದಲ್ಲಿ ಬಿಟ್ಟುಬಿಡಬೇಕು. ವೇಗ ಬದಲಿಸಿದಾಗ ಉತ್ತರ ಎಷ್ಟು ಅಲುಗಾಡುತ್ತದೆ ಎಂದು ನೋಡಿ, ಅದನ್ನು ಬರೆದಿಡಬಹುದು.

ನಿಧಾನ ಮಾಡಿದಾಗ ಎರಡನೆಯ ನೆಗೆತ ಕೆಳಗೆ ಸರಿಯಿತು. ಮೊದಲ ಬಾಗು ಹೆಚ್ಚೇನೂ ಕದಲಲಿಲ್ಲ. ಇದಕ್ಕೆ ಅರ್ಥ ಇದೆ. ತಿರುಳು ಕರಗಬೇಕಾದರೆ ಒಳಗೆಲ್ಲೋ ದ್ರವದ ಒಂದು ಚೂರು ಮೊದಲು ಹುಟ್ಟಬೇಕು, ಅಥವಾ ಹೊರಗಿನ ದ್ರವ ಒಳಗೆ ನುಗ್ಗಬೇಕು. ಅದಕ್ಕೆ ಸಮಯ ಬೇಕು. ಮೇಲ್ಮೈ ಸಡಿಲವಾಗುವುದಕ್ಕೆ ಅಂಥ ತಡೆ ಇಲ್ಲ, ಅದು ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ. ಅಂತರ ಕಡಿಮೆಯಾಯಿತು, ಆದರೆ ಎರಡು ಹಂತ ಉಳಿದವು. ಅವಳಿಗೆ ಖುಷಿಯೋ ಖುಷಿ. ವರದಿಯ ತಲೆಬರಹವನ್ನೂ ಬರೆದಿಟ್ಟುಕೊಂಡಿದ್ದಳು.

ಖಾಲಿ ಬಿಟ್ಟ ಕಾಲಂ

ಅವಳ ಕೋಷ್ಟಕದಲ್ಲಿ ಕಣದ ಕರಗುವ ಉಷ್ಣತೆ ಇತ್ತು. ಹೋಲಿಕೆಗೆ ದೊಡ್ಡ ಗಟ್ಟಿಯ ಕರಗುವ ಬಿಂದುವಿನ ಕಾಲಂ ಖಾಲಿ ಇತ್ತು. "ಪುಸ್ತಕದಾಗ ಐತ್ರಿ, ಹಾಕತೀನಿ" ಅಂದಳು. ಹಾಕಿದಳು. ಚಿನ್ನ 1337 ಕೆಲ್ವಿನ್, ತಾಮ್ರ 1358 ಕೆಲ್ವಿನ್.

ಎರಡೂ ಅಕ್ಕಪಕ್ಕ ಕೂತಾಗ ನೋಡಿ. ವ್ಯತ್ಯಾಸ 21 ಡಿಗ್ರಿ. ಲೋಕದಲ್ಲಿ ಹೆಚ್ಚುಕಮ್ಮಿ ಒಂದೇ ಬಿಸಿಗೆ ಕರಗುವ ಎರಡು ಲೋಹಗಳು ಕಂಪ್ಯೂಟರಿನಲ್ಲಿ ಇಷ್ಟು ದೂರ ದೂರ ಕರಗಿದ್ದು ಯಾಕೆ? ಮೇಲ್ಮೈ ಕಾರಣ ಎನ್ನಬಹುದು. ಆದರೆ ಅಷ್ಟೂ ಮೇಲ್ಮೈಯದೇನಾ?

ಇಲ್ಲಿಂದ ವಿಷಯ ಬಲದ ಸೂತ್ರಕ್ಕೆ ಬರುತ್ತದೆ. ಲೋಹದ ಪರಮಾಣುಗಳ ನಡುವಿನ ಬಲಕ್ಕೆ ಅವಳು ಬಳಸಿದ್ದು ಎಂಬೆಡೆಡ್ ಆಟಮ್ ವಿಧಾನ. 1984ರಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಮರ್ರೆ ಡಾ ಮತ್ತು ಮೈಕೆಲ್ ಬಾಸ್ಕಿಸ್ ವಿವರವಾಗಿ ಮುಂದಿಟ್ಟ ವಿಧಾನ. ಪ್ರತಿ ಪರಮಾಣುವನ್ನೂ ಉಳಿದವುಗಳ ಎಲೆಕ್ಟ್ರಾನ್ ಮೋಡದಲ್ಲಿ ಹುದುಗಿಸಿದಂತೆ ಲೆಕ್ಕ ಹಾಕುತ್ತದೆ. 1986ರಲ್ಲಿ ಸ್ಟೀಫನ್ ಫೊಯ್ಲ್ಸ್ ಅವರೊಡನೆ ಸೇರಿ ತಾಮ್ರ, ಬೆಳ್ಳಿ, ಚಿನ್ನ, ನಿಕಲ್, ಪಲೇಡಿಯಂ, ಪ್ಲಾಟಿನಂ ಈ ಆರು ಲೋಹಗಳಿಗೆ ಒಂದೇ ಕುಟುಂಬದ ಸೂತ್ರಗಳನ್ನು ಕೊಟ್ಟರು. ಯಾವ ಎರಡನ್ನು ಬೇಕಾದರೂ ಬೆರೆಸಬಹುದು. ಲ್ಯಾಂಪ್ಸ್ ಜೊತೆಗೇ ಈ ಫೈಲುಗಳು ಬರುತ್ತವೆ. ಎರಡು ಲೋಹದ ಕಣ ಮಾಡಲು ಹೊರಟ ವಿದ್ಯಾರ್ಥಿ ಮೊದಲು ಕೈಹಾಕುವುದು ಇದಕ್ಕೇ. ತಪ್ಪೇನಿಲ್ಲ.

ಆದರೆ ಈ ಸೂತ್ರಗಳನ್ನು ಹೊಂದಿಸಿದ್ದು ಯಾವುದಕ್ಕೆ? ಪರಮಾಣುಗಳ ನಡುವಿನ ಅಂತರ, ಲೋಹವನ್ನು ಆವಿ ಮಾಡಲು ಬೇಕಾದ ಶಕ್ತಿ, ಬಿರುಸು, ಒಂದು ಪರಮಾಣು ಕಿತ್ತರೆ ತಗಲುವ ಶಕ್ತಿ, ಒಂದರಲ್ಲಿ ಇನ್ನೊಂದು ತುಸು ಬೆರೆತಾಗಿನ ಶಾಖ. ಕರಗುವ ಬಿಂದು ಆ ಪಟ್ಟಿಯಲ್ಲಿ ಇರಲಿಲ್ಲ. ಅದು ಸೂತ್ರದಿಂದ ತಾನಾಗಿ ಹೊರಬರುವ ಸಂಖ್ಯೆ. ಅದು ಎಷ್ಟು ಬರುತ್ತದೆ ಎಂದು 1989ರಲ್ಲಿ ಫೊಯ್ಲ್ಸ್ ಮತ್ತು ಆಡಮ್ಸ್ ಲೆಕ್ಕ ಹಾಕಿ ಪ್ರಕಟಿಸಿದ್ದಾರೆ. ತಾಮ್ರ 1340 ಕೆಲ್ವಿನ್, ನಿಜಕ್ಕೆ ಬಹಳ ಹತ್ತಿರ. ಬೆಳ್ಳಿ 1170, ನಿಜ 1235. ಚಿನ್ನ 1090!

ಅಂದರೆ ಈ ಸೂತ್ರದ ಲೋಕದಲ್ಲಿ ಚಿನ್ನದ ದೊಡ್ಡ ಗಟ್ಟಿಯೇ ಸುಮಾರು 250 ಕೆಲ್ವಿನ್ ಮೊದಲೇ ಕರಗುತ್ತದೆ. ತಾಮ್ರಕ್ಕೂ ಚಿನ್ನಕ್ಕೂ ನಿಜದಲ್ಲಿ 21ರ ಅಂತರ, ಇಲ್ಲಿ 250ರ ಅಂತರ. ಕಣ ಸಣ್ಣದಾಗುವ ಮೊದಲೇ ಎರಡು ಹಂತ ಅಲ್ಲಿ ಅಡಗಿ ಕೂತಿತ್ತು.

ಇದನ್ನು ಹೇಳಿದಾಗ ಅವಳ ಮುಖ ಬಾಡಿತು. "ಹಂಗಾರ ಎಲ್ಲಾ ವೇಸ್ಟಾತೇನ್ರಿ ಸರ?" ಇಲ್ಲ. ಎರಡು ಹಂತಕ್ಕೆ ಈಗ ಮೂರು ಕಾರಣಗಳು ಸಾಲಾಗಿ ನಿಂತಿದ್ದವು. ಒಂದು, ಮೇಲ್ಮೈ. ಎರಡು, ಸೂತ್ರದ ಚಿನ್ನ ಮೆದು. ಮೂರನೆಯದನ್ನು ಅವಳೇ ಚಿತ್ರದಲ್ಲಿ ಗುರುತಿಸಿದ್ದಳು: ಚಿನ್ನದ ಪರಮಾಣು ತಾಮ್ರದ್ದಕ್ಕಿಂತ ದಪ್ಪ. ಚಿನ್ನದ ಹರಳಿನ ಜಾಲದ ಅಳತೆ 4.08 ಆಂಗ್‌ಸ್ಟ್ರಾಮ್, ತಾಮ್ರದ್ದು 3.61 (ಹತ್ತು ಆಂಗ್‌ಸ್ಟ್ರಾಮ್ ಸೇರಿದರೆ ಒಂದು ನ್ಯಾನೊಮೀಟರ್). ತಾಮ್ರದ ಅಳತೆಗೆ ಹಾಕಿದ 252 ಜಾಗಗಳಲ್ಲಿ 252 ಚಿನ್ನದ ಪರಮಾಣುಗಳನ್ನು ಕೂಡಿಸಿದರೆ ಇಕ್ಕಟ್ಟು. ಕಾಯಿಸುವ ಮೊದಲೇ ಕೆಲವು ಮೇಲಕ್ಕೆ ಉಬ್ಬಿಕೊಂಡಿದ್ದವು. ಈ ಇಕ್ಕಟ್ಟೂ ಪದರವನ್ನು ಬೇಗ ಕೆಡಿಸಬಲ್ಲದು.

ಬೆಳ್ಳಿಯ ಅದಲು ಬದಲು

ಮೂರನ್ನೂ ಬಿಡಿಸಲು ಉಳಿದ ಸಮಯದಲ್ಲಿ ಆಗುವಂಥ ದಾರಿ ಬೇಕಿತ್ತು. ಇಡೀ ಪ್ರಾಜೆಕ್ಟಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು, ಹೊಳೆದದ್ದೂ ಅವಳಿಗೇ. ಹೊರಗಿನ 252 ಚಿನ್ನ ತೆಗೆದು 252 ಬೆಳ್ಳಿ ಹಾಕಿದರೆ?

ಬೆಳ್ಳಿಯ ಜಾಲದ ಅಳತೆ 4.09 ಆಂಗ್‌ಸ್ಟ್ರಾಮ್. ಚಿನ್ನಕ್ಕೂ ಅದಕ್ಕೂ ಗಾತ್ರದಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು. ಹಾಗಾಗಿ ಇಕ್ಕಟ್ಟು ಅಷ್ಟೇ ಇರುತ್ತದೆ. ಮೇಲ್ಮೈಯೂ ಅಷ್ಟೇ. ಆದರೆ ಈ ಸೂತ್ರ ಬೆಳ್ಳಿಯನ್ನು ಚಿನ್ನದಷ್ಟು ಮೆದು ಮಾಡಿಲ್ಲ. ತಾಮ್ರಕ್ಕೂ ಬೆಳ್ಳಿಗೂ ನಿಜದಲ್ಲಿ 123 ಕೆಲ್ವಿನ್ ಅಂತರ, ಸೂತ್ರದಲ್ಲಿ 170. ಅಷ್ಟೇನೂ ದೂರ ಅಲ್ಲ.

ಬೆಳ್ಳಿಯ ಪದರ ಚಿನ್ನಕ್ಕಿಂತ ತಡವಾಗಿ ಸಡಿಲವಾಯಿತು. ಬಾಗಿಗೂ ನೆಗೆತಕ್ಕೂ ನಡುವಿನ ಅಂತರ ಕಿರಿದಾಯಿತು, ಆದರೆ ಮಾಯವಾಗಲಿಲ್ಲ. ಗಮನಿಸಿ, ಲೋಕದಲ್ಲಿ ಚಿನ್ನಕ್ಕಿಂತ ಬೆಳ್ಳಿ 100 ಡಿಗ್ರಿ ಮೊದಲೇ ಕರಗುತ್ತದೆ. ಇಲ್ಲಿ ಅದು ತಿರುವುಮುರುವು. ಬರೀ ತಾಮ್ರದ 561ರ ಕಣವನ್ನೂ ಓಡಿಸಿದಳು. ಅದರಲ್ಲೂ ಹೊರಗಿನ ಪದರ ಒಳಗಿನದಕ್ಕಿಂತ ಮೊದಲು ನಡುಗಲು ಶುರು ಮಾಡಿತು, ಆದರೆ ಗ್ರಾಫಿನಲ್ಲಿ ಬೇರೆ ಬಾಗಾಗಿ ಕಾಣುವಷ್ಟಲ್ಲ. ಇಷ್ಟರಿಂದ ಒಂದು ಮಾತು ಗಟ್ಟಿಯಾಯಿತು: ಎರಡು ಹಂತ ಪೂರಾ ಸುಳ್ಳಲ್ಲ, ಆದರೆ ಅದರ ಅಗಲದಲ್ಲಿ ದೊಡ್ಡ ಪಾಲು ಸೂತ್ರದ್ದು.

ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ವರದಿಯಲ್ಲೂ ಬರೆಸಿದೆ. ಬೆಳ್ಳಿ-ತಾಮ್ರ ಘನದಲ್ಲಿ ಸರಿಯಾಗಿ ಬೆರೆಯುವುದಿಲ್ಲ, ಚಿನ್ನ-ತಾಮ್ರ ಚೆನ್ನಾಗಿ ಬೆರೆಯುತ್ತವೆ. ಹಾಗಾಗಿ ಬೆಳ್ಳಿ ಇಲ್ಲಿ ಪೂರ್ತಿ ಸಮನಾದ ಜೋಡಿ ಅಲ್ಲ.

ಆ ಬೆರೆಯುವಿಕೆಯೇ ಮುಂದಿನ ಸಂಗತಿ. ಕರಗಿದ ಚಿನ್ನ-ತಾಮ್ರದ ಕಣವನ್ನು ಅವಳು ಮತ್ತೆ ತಣ್ಣಗೆ ಮಾಡಿದಳು. ಕರಗಿದ ಉಷ್ಣತೆಗಿಂತ ಸಾಕಷ್ಟು ಕೆಳಗೆ ಹೋದ ಮೇಲೆಯೇ ಅದು ಗಟ್ಟಿಯಾಯಿತು. ಇದು ಎಲ್ಲ ಇಂಥ ಲೆಕ್ಕಗಳಲ್ಲೂ ಕಾಣುವ ವ್ಯತ್ಯಾಸ. ಮುಖ್ಯ ಸಂಗತಿ ಬೇರೆ: ಹೆಪ್ಪುಗಟ್ಟಿದ ಕಣದಲ್ಲಿ ಹೊರಗೆ ಚಿನ್ನ, ಒಳಗೆ ತಾಮ್ರ ಎಂಬ ಅಚ್ಚುಕಟ್ಟು ಇರಲಿಲ್ಲ. ಮೇಲ್ಮೈಯಲ್ಲಿ ಚಿನ್ನವೇ ಜಾಸ್ತಿ, ನಿಜ. ಆದರೆ ಒಳಗೂ ಚಿನ್ನ ಸೇರಿತ್ತು, ಹೊರಗೂ ತಾಮ್ರ ಬಂದಿತ್ತು. ಈ ಕಣವನ್ನೇ ಎರಡನೆಯ ಸಲ ಕಾಯಿಸಿದಾಗ ಮೊದಲ ಬಾಗು ಹೆಚ್ಚುಕಡಿಮೆ ಅಳಿಸಿಹೋಗಿ, ಒಂದೇ ಅಗಲವಾದ ಏರು ಉಳಿಯಿತು. ನನ್ನ ಮಟ್ಟಿಗೆ ಪ್ರಾಜೆಕ್ಟಿನ ನಿಜವಾದ ಫಲಿತಾಂಶ ಇದು. ಎರಡು ಹಂತ ಅನ್ನೋದು ಆ ಲೋಹಗಳ ಜೋಡಿಯ ಗುಣ ಅಲ್ಲ, ಮೊದಲು ಜೋಡಿಸಿಟ್ಟ ರೀತಿಯ ಗುಣ. ಒಮ್ಮೆ ಕರಗಿದ ಮೇಲೆ ಆ ಜೋಡಣೆ ವಾಪಸ್ ಬರುವುದಿಲ್ಲ.

ಈ ಭಾಗವನ್ನು ಅವಳು ಮನೆಯಲ್ಲಿ ಹೇಳಿದಾಗ ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲವಂತೆ. ಬಂಗಾರಕ್ಕೆ ತಾಮ್ರ ಬಿದ್ದರೆ ಎರಡಕ್ಕಿಂತ ಮೊದಲೇ ಕರಗುತ್ತದೆ, ಅದು ಅವರ ದಿನದ ಕೆಲಸ. ಯಾವ ಮಿಶ್ರಣ ಎಷ್ಟಕ್ಕೆ ಕರಗುತ್ತದೆ ಎಂದು ತೋರಿಸುವ ಚಿನ್ನ-ತಾಮ್ರದ ನಕ್ಷೆಯಲ್ಲೂ ಹಾಗೇ ಇದೆ. ಚಿನ್ನ ತೂಕದಲ್ಲಿ ಶೇ 80ರ ಹತ್ತಿರ ಇರುವ ಮಿಶ್ರಣ ಸುಮಾರು 910 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಬರೀ ಚಿನ್ನಕ್ಕೆ 1064, ಬರೀ ತಾಮ್ರಕ್ಕೆ 1085 ಬೇಕು. ಅವಳ 17 ಕ್ಯಾರಟ್ಟಿನ ಕಣ ಆ ತಗ್ಗಿನಿಂದ ಬಹಳ ದೂರ ಇಲ್ಲ. ಹಾಗಾದರೆ ಬೆರೆತ ಕಣವನ್ನು ಹೋಲಿಸಬೇಕಾದದ್ದು ಬರೀ ಚಿನ್ನದ ಗಟ್ಟಿಯ ಜೊತೆಗಲ್ಲ, ಅದೇ ಪ್ರಮಾಣದಲ್ಲಿ ಬೆರೆತ ಗಟ್ಟಿಯ ಜೊತೆಗೆ. ಈ ಸೂತ್ರದಲ್ಲಿ ಆ ಗಟ್ಟಿ ಎಷ್ಟಕ್ಕೆ ಕರಗುತ್ತದೆ? ಅದನ್ನು ಪುಸ್ತಕದಿಂದ ತರಲಾಗದು, ಅವಳೇ ಲೆಕ್ಕ ಹಾಕಬೇಕು.

ಹಾಕುವ ಕ್ರಮ ಹೀಗೆ. ಉದ್ದನೆಯ ಪೆಟ್ಟಿಗೆಯಲ್ಲಿ ಅರ್ಧ ಘನ, ಅರ್ಧ ದ್ರವ ಇಟ್ಟು, ಹೊರಗಿನಿಂದ ಶಕ್ತಿ ಕೊಡದೆ, ತೆಗೆಯದೆ ಬಿಟ್ಟುಬಿಡುವುದು. ಬಿಸಿ ಜಾಸ್ತಿ ಇದ್ದರೆ ಘನ ಕರಗುತ್ತಾ ಬಿಸಿಯನ್ನು ತಿನ್ನುತ್ತದೆ, ಕಡಿಮೆ ಇದ್ದರೆ ದ್ರವ ಗಟ್ಟಿಯಾಗುತ್ತಾ ಬಿಸಿ ಬಿಡುತ್ತದೆ. ಕೊನೆಗೆ ನಿಲ್ಲುವ ಉಷ್ಣತೆಯೇ ಕರಗುವ ಬಿಂದು. ಶುದ್ಧ ಲೋಹಕ್ಕೆ ಇದು ಸಲೀಸು, ಬರೀ ಚಿನ್ನಕ್ಕೆ ಮಾಡಿ ಪ್ರಕಟಿತ ಸಂಖ್ಯೆಯ ಆಸುಪಾಸಿಗೆ ಬಂದಳು. ಮಿಶ್ರಣಕ್ಕೆ ಕಷ್ಟ, ಯಾಕೆಂದರೆ ಘನದಲ್ಲೂ ದ್ರವದಲ್ಲೂ ಚಿನ್ನದ ಪ್ರಮಾಣ ಒಂದೇ ಇರಬೇಕೆಂದಿಲ್ಲ. ಅದಕ್ಕೆ ಸಾವಿರಾರು ಪರಮಾಣು, ಜಾಸ್ತಿ ಸಮಯ ಬೇಕು. ಸಲ್ಲಿಸುವ ದಿನ ಹತ್ತಿರ ಬಂದಿತ್ತು, ಅದನ್ನು ಬಿಟ್ಟೆವು.

ಸಲ್ಲಿಸಿದ ವರದಿಯಲ್ಲಿ ಮೊದಲ ತಲೆಬರಹ ಇಲ್ಲ. ಕೋಷ್ಟಕದಲ್ಲಿ ಗಟ್ಟಿಯ ಕರಗುವ ಬಿಂದುವಿಗೆ ಈಗ ಎರಡು ಕಾಲಂ, ಒಂದು ಪುಸ್ತಕದ್ದು, ಒಂದು ಸೂತ್ರದ್ದು. ಒಂದೇ ಲೋಹದ ಕಣಗಳ ಕರಗುವ ಬಿಂದುವನ್ನು ಸೂತ್ರದ ಗಟ್ಟಿಯ ಎಷ್ಟು ಪಾಲು ಎಂದೇ ಕೊಟ್ಟಿದ್ದಾಳೆ. ಮಿಶ್ರಣದ ಸಾಲಿನಲ್ಲಿ ಆ ಜಾಗಕ್ಕೆ ಅಡ್ಡಗೆರೆ ಎಳೆದು, ಕೆಳಗೆ ಕಾರಣ ಬರೆದಿದ್ದಾಳೆ. ವೈವಾದಲ್ಲಿ ಪರೀಕ್ಷಕರು ಮೊದಲು ಕೇಳಿದ್ದು ಆ ಅಡ್ಡಗೆರೆಯ ಬಗ್ಗೆಯೇ. ಅಲ್ಲಿಂದ ಅರ್ಧ ಗಂಟೆ ಮಾತು ನಡೆಯಿತಂತೆ. ಈಗ ಅವಳ ಜೂನಿಯರ್ ಒಬ್ಬ ಅದೇ ಪೆಟ್ಟಿಗೆಯ ಲೆಕ್ಕ ಶುರು ಮಾಡಿದ್ದಾನೆ, ಚಿನ್ನಕ್ಕೆ ಬೇರೆ ಸೂತ್ರ ಹಾಕಿಕೊಂಡು.